ದೀರ್ಘಕಾಲದ ನೋವು: ಕಾರಣ ಹುಡುಕುವ, ಉಪಶಮನ ಪಡೆಯುವ ಸಮಗ್ರ ಮಾರ್ಗದರ್ಶಿ

ಸೊಂಟ, ಮಂಡಿ, ಕುತ್ತಿಗೆ, ತಲೆ, ಕಿಬ್ಬೊಟ್ಟೆ, ಅಂಗಾಲು, ಹೀಗೆ ದೇಹದ ಯಾವ ಭಾಗದಲ್ಲೇ ಆಗಲಿ, ನೋವು 3 ತಿಂಗಳು ದಾಟಿದ ಮೇಲೂ ಉಳಿದಿದ್ದರೆ ಅಥವಾ ಬಿಟ್ಟುಬಿಟ್ಟು ಮರಳುತ್ತಿದ್ದರೆ ವೈದ್ಯಶಾಸ್ತ್ರ ಅದನ್ನು ದೀರ್ಘಕಾಲದ ನೋವು ಎಂದು ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಇದಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು. ಬೇರೆ ಕಾಯಿಲೆಯ ಲಕ್ಷಣವಾಗಿ ಬರುವ ನೋವಿನ ಜೊತೆಗೆ, ನೋವೇ ಸ್ವತಃ ಕಾಯಿಲೆಯಾಗಿರುವ ಸ್ಥಿತಿಯನ್ನೂ ಆ ವರ್ಗೀಕರಣ ಒಪ್ಪಿಕೊಂಡಿದೆ. ಎಲ್ಲ ರಿಪೋರ್ಟ್‌ಗಳೂ ನಾರ್ಮಲ್ ಬಂದವೆಂಬ ಕಾರಣಕ್ಕೆ ಮನೆಯಲ್ಲೂ ಆಸ್ಪತ್ರೆಯಲ್ಲೂ ಮಾತು ಕೇಳಿಸಿಕೊಂಡವರು ಇದನ್ನು ಮೊದಲು ತಿಳಿದಿರಬೇಕು.

ನಮ್ಮಲ್ಲಿ ನೋವಿನ ರೋಗಿ ಸಾಮಾನ್ಯವಾಗಿ ಎರಡು ತಪ್ಪು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾನೆ. ಕಾರಣವನ್ನೇ ಕೇಳದೆ ವರ್ಷಗಟ್ಟಲೆ ಮೆಡಿಕಲ್ ಶಾಪಿನ ಮಾತ್ರೆ ನುಂಗುವುದು ಒಂದು. ಕಾರಣ ಸಿಗುವವರೆಗೆ ನೋವು ಅನುಭವಿಸಲೇಬೇಕು ಎಂದುಕೊಂಡು ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ, ಊರಿಂದ ಊರಿಗೆ ಅಲೆಯುವುದು ಇನ್ನೊಂದು. ಕಾರಣ ಹುಡುಕುವ ಕೆಲಸ ಮತ್ತು ನೋವು ತಗ್ಗಿಸುವ ಕೆಲಸ ಎರಡೂ ಮೊದಲ ದಿನದಿಂದಲೇ ಒಟ್ಟಿಗೆ ನಡೆಯಬೇಕು ಎಂಬುದೇ ಈ ಬರಹದ ಮುಖ್ಯ ಮಾತು. ಮುಂದಿನ ಹಂತಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಹಂತ 1: ಕಾಯಬಾರದ ನೋವು ಯಾವುದೆಂದು ತಿಳಿಯಿರಿ

ಕೆಲವು ಲಕ್ಷಣಗಳು ಕಂಡರೆ ಈ ಮಾರ್ಗದರ್ಶಿಯನ್ನು ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೊಂಟನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ಮಲಮೂತ್ರದ ಮೇಲೆ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಗುದದ್ವಾರದ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಗ್ಗುವುದು, ಇವು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಡಕ್ಕೆ ಸಿಲುಕಿರುವುದರ ಸೂಚನೆಯಾಗಿರಬಹುದು. ಅಲ್ಲಿ ಗಂಟೆಗಳ ವಿಳಂಬವೂ ಶಾಶ್ವತ ಹಾನಿಗೆ ದಾರಿಯಾಗುತ್ತದೆ. ಹಿಂದೆಂದೂ ಬಾರದಷ್ಟು ತೀವ್ರವಾಗಿ ಸಿಡಿಲಿನಂತೆ ಎರಗುವ ತಲೆನೋವು, 50 ದಾಟಿದವರಲ್ಲಿ ಹೊಸದಾಗಿ ಶುರುವಾದ ತಲೆನೋವಿನ ಜೊತೆ ಕಣ್ಣು ಮಂಜಾಗುವುದು ಅಥವಾ ಅಗಿಯುವಾಗ ದವಡೆ ನೋಯುವುದು, ಎದೆಯಿಂದ ಎಡಗೈಗೋ ದವಡೆಗೋ ಹರಡುವ ನೋವು ಕೂಡ ಇದೇ ಗುಂಪಿಗೆ ಸೇರುತ್ತವೆ.

ತುರ್ತಲ್ಲದಿದ್ದರೂ ತಡಮಾಡಬಾರದ ಇನ್ನೊಂದು ಗುಂಪಿದೆ. ಬೆನ್ನುನೋವಿನ ಜೊತೆಗೆ ಸಂಜೆಯ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಬೆನ್ನುಮೂಳೆಯ ಕ್ಷಯ ಇದೆಯೇ ಎಂದು ನೋಡಲೇಬೇಕು. ಕ್ಷಯವೆಂದರೆ ಕೆಮ್ಮು ಮಾತ್ರ ಎಂಬ ನಂಬಿಕೆ ಎಷ್ಟೋ ಬೆನ್ನುಗಳನ್ನು ಬಗ್ಗಿಸಿದೆ. ಹಿಂದೆ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಮೂಳೆನೋವು, ಮಲಗಿದರೂ ಕುಳಿತರೂ ಒಂದಿಷ್ಟೂ ತಗ್ಗದೆ ಏರುತ್ತಲೇ ಹೋಗುವ ನೋವು, ವಯಸ್ಸಾದವರು ಸಣ್ಣಗೆ ಬಿದ್ದ ಮೇಲೆ ಶುರುವಾದ ಬೆನ್ನುನೋವು ಇವೂ ಒಂದೆರಡು ದಿನಗಳೊಳಗೆ ವೈದ್ಯರ ಕಣ್ಣಿಗೆ ಬೀಳಬೇಕಾದವು.

ಹಂತ 2: ನೋವಿನ ಪುಸ್ತಕ ಬರೆಯಿರಿ

ಇಡೀ ಪ್ರಕ್ರಿಯೆಯಲ್ಲಿ ರೋಗಿಯ ಕೈಯಲ್ಲೇ ಇರುವ, ಖರ್ಚಿಲ್ಲದ, ಆದರೆ ಹೆಚ್ಚಿನವರು ಮಾಡದೇ ಬಿಡುವ ಕೆಲಸ ಇದು. ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ವೈದ್ಯರು ನಿಮಗೆ ಕೊಡಬಹುದಾದ ಸಮಯ ಕೆಲವೇ ನಿಮಿಷ. ಆ ಹೊತ್ತಿನಲ್ಲಿ «ಮೈಯೆಲ್ಲ ನೋವು, ವಾಯು ಇರಬೇಕು ಡಾಕ್ಟ್ರೇ» ಎಂದರೆ ಅವರ ಕೈಗೆ ಏನೂ ಸಿಗುವುದಿಲ್ಲ, ನಿಮ್ಮ ಕೈಗೆ ನೋವಿನ ಮಾತ್ರೆಯ ಚೀಟಿ ಸಿಗುತ್ತದೆ. ಭೇಟಿಗೆ ಮೊದಲು ಎರಡು ವಾರ ಒಂದು ಸಾದಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದರೆ ಅದೇ ಕೆಲವು ನಿಮಿಷಗಳು ಸಾಕಾಗುತ್ತವೆ.

ಏನು ಬರೆಯಬೇಕು? ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಹರಡುತ್ತದೆ ಎಂಬುದನ್ನು ದೇಹದ ಮುಂಭಾಗ, ಹಿಂಭಾಗದ ಒಂದು ಒರಟು ಚಿತ್ರ ಬರೆದು ಗುರುತು ಹಾಕಿ. ನೋವಿನ ಗುಣವನ್ನು ನಿಮ್ಮ ಮನೆಮಾತಿನಲ್ಲೇ ಬರೆಯಿರಿ: ಉರಿಯೋ, ಸೆಳೆತವೋ, ಕರೆಂಟ್ ಹೊಡೆದ ಹಾಗೋ, ಇರುವೆ ಹರಿದಾಡಿದ ಹಾಗೆ ಜುಮುಜುಮು ಎನ್ನುವುದೋ, ಹಿಂಡಿದ ಹಾಗೋ, ಹಿಡಿದುಕೊಂಡ ಹಾಗೋ. ಇದು ಅಲಂಕಾರದ ಮಾತಲ್ಲ. ಉರಿ, ಜುಮು, ಕರೆಂಟ್, ಬಟ್ಟೆ ತಾಗಿದರೂ ಸಹಿಸಲಾಗದ ಸ್ಪರ್ಶ ಇವೆಲ್ಲ ನರದ ತೊಂದರೆಯ ಕಡೆಗೆ ಬೊಟ್ಟು ಮಾಡುತ್ತವೆ, ಮತ್ತು ನರದ ನೋವಿಗೆ ಕೊಡುವ ಔಷಧಿಯೇ ಬೇರೆ. ಬೆಳಗ್ಗೆ ಎದ್ದ ಮೇಲೆ ಬಿಗಿತ ಬಿಡಲು ಎಷ್ಟು ಹೊತ್ತು ಹಿಡಿಯಿತು, ವಿಶ್ರಾಂತಿಯಿಂದ ನೋವು ಕಡಿಮೆಯಾಗುತ್ತದೆಯೋ ಓಡಾಟದಿಂದಲೋ, ರಾತ್ರಿ ಎಚ್ಚರವಾಯಿತೇ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ದಿನಗಳಿಗೂ ನೋವಿಗೂ ಸಂಬಂಧವಿದೆಯೇ ಎಂಬುದನ್ನು ದಿನವೂ ದಾಖಲಿಸಿ.

ಒಂದು ಕಾಲ್ಪನಿಕ ಪುಟ ನೋಡಿ. 27 ವಯಸ್ಸಿನ ಯುವಕನೊಬ್ಬ ಬರೆದದ್ದು ಎಂದುಕೊಳ್ಳಿ: «ಬೆಳಗಿನ ಜಾವ 4ಕ್ಕೆ ಸೊಂಟನೋವಿಗೆ ಎಚ್ಚರ. ಎದ್ದು ಹಜಾರದಲ್ಲಿ ಓಡಾಡಿದ ಮೇಲೆ ಸ್ವಲ್ಪ ವಾಸಿ. ಮತ್ತೆ ಮಲಗಿ ಎದ್ದಾಗ ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾಗಲಿಲ್ಲ, ಬಿಗಿತ ಬಿಡಲು ಒಂದು ಗಂಟೆ. ಕೆಲಸಕ್ಕೆ ಹೋಗಿ ಓಡಾಡುವಾಗ ಆರಾಮ. ಭಾನುವಾರ ಇಡೀ ದಿನ ಮಲಗಿದ್ದೆ, ನೋವು ಜಾಸ್ತಿ. ಹೋದ ವರ್ಷ ಒಂದು ಕಣ್ಣು ಕೆಂಪಾಗಿ ನೋವು ಬಂದಿತ್ತು.» ಇಷ್ಟನ್ನು ಓದಿದ ಅನುಭವಿ ವೈದ್ಯರ ಮನಸ್ಸಿಗೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ, ಅಂದರೆ ಡಿಸ್ಕಿನ, ತೊಂದರೆ ಬರುವುದಿಲ್ಲ, ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ ಬರುತ್ತದೆ. ವಿಶ್ರಾಂತಿಯಲ್ಲಿ ಹೆಚ್ಚಿ ಓಡಾಟದಲ್ಲಿ ತಗ್ಗುವ, 40ಕ್ಕೂ ಮೊದಲೇ ನಿಧಾನವಾಗಿ ಶುರುವಾಗುವ ಸೊಂಟನೋವು ಅದರ ಗುರುತು. ಕಣ್ಣು ಕೆಂಪಾಗಿದ್ದಕ್ಕೂ ಸೊಂಟಕ್ಕೂ ನಂಟಿದೆ ಎಂದು ರೋಗಿಗೆ ಹೊಳೆಯುವ ಸಾಧ್ಯತೆ ಕಡಿಮೆ. ಆದ್ದರಿಂದಲೇ ಸಂಬಂಧವಿಲ್ಲವೆಂದು ತೋರುವುದನ್ನೂ ಬರೆಯಿರಿ ಎನ್ನುತ್ತೇನೆ.

ಪ್ರತಿದಿನದ ಕೊನೆಗೆ ಮೂರು ಅಂಕಿಗಳನ್ನು ಹಾಕಿ, ಒಂದೊಂದೂ 0ಯಿಂದ 10ರೊಳಗೆ: ಸರಾಸರಿ ನೋವು ಎಷ್ಟಿತ್ತು, ಅದು ಮನಸ್ಸಿನ ನೆಮ್ಮದಿಯನ್ನು ಎಷ್ಟು ಕೆಡಿಸಿತು, ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು. ಮುಂದೆ ಚಿಕಿತ್ಸೆ ಫಲ ಕೊಡುತ್ತಿದೆಯೇ ಎಂದು ತೀರ್ಮಾನಿಸಲು ಇವೇ ಆಧಾರ. ಇದೇ ಪುಸ್ತಕದ ಹಿಂದಿನ ಪುಟದಲ್ಲಿ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳನ್ನೂ, ನಾಟಿ ಔಷಧಿ, ಕಷಾಯ, ಪುಡಿಗಳನ್ನು ಬಿಡದೆ, ಬರೆದಿಡಿ.

ಹಂತ 3: ಮೊದಲ ವೈದ್ಯರು ಮತ್ತು ಮೊದಲ ಪರೀಕ್ಷೆಗಳು

ನೇರವಾಗಿ ದೊಡ್ಡ ತಜ್ಞರ ಬಳಿ ಓಡುವ ಅಗತ್ಯ ಬಹುತೇಕರಿಗೆ ಇಲ್ಲ. ಒಬ್ಬ ಒಳ್ಳೆಯ ಕುಟುಂಬ ವೈದ್ಯರು ಅಥವಾ ತಾಲ್ಲೂಕು ಆಸ್ಪತ್ರೆಯ ಫಿಸಿಶಿಯನ್ ಮುಟ್ಟಿ ನೋಡಿ ಪರೀಕ್ಷಿಸಿದರೆ ಅರ್ಧ ದಾರಿ ಸವೆದಂತೆ. ಕೈಯಿಂದ ಮುಟ್ಟದೆ, ಕೀಲು ಮಡಿಸಿ ನೋಡದೆ, ರೋಗಿ ಬಾಯಿ ತೆರೆಯುವ ಮೊದಲೇ ಎಂಆರ್‌ಐ ಬರೆದುಕೊಡುವ ಕಡೆ ಹೆಚ್ಚು ಹೊತ್ತು ನಿಲ್ಲದಿರುವುದು ಒಳ್ಳೆಯದು.

ಮೊದಲ ಸುತ್ತಿನ ರಕ್ತಪರೀಕ್ಷೆಗಳು ದುಬಾರಿಯಲ್ಲ: ರಕ್ತಕಣಗಳ ಎಣಿಕೆ, ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12. ಅಂಗಾಲು ಉರಿಯುವವರಲ್ಲಿ ಸಕ್ಕರೆ ಕಾಯಿಲೆ ಮೊದಲ ಅನುಮಾನ, ಆದರೆ ಸಸ್ಯಾಹಾರಿಗಳಲ್ಲಿ ಮತ್ತು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಳಿಂದ ನುಂಗುತ್ತಿರುವವರಲ್ಲಿ ಬಿ12 ಕೊರತೆಯೂ ಅದೇ ಉರಿಯನ್ನು ತರುತ್ತದೆ. ಎರಡೂ ಒಟ್ಟಿಗೆ ಇರಬಹುದು. ಕೈಬೆರಳ ಸಣ್ಣ ಕೀಲುಗಳು ಊದಿಕೊಂಡು ಬೆಳಗ್ಗೆ ಮುಷ್ಟಿ ಕಟ್ಟಲಾಗದಿದ್ದರೆ ರುಮಟಾಯ್ಡ್ ಸಂಧಿವಾತ ಇದೆಯೇ ಎಂದು ತಿಳಿಯಲು ಆರ್‌ಎ ಫ್ಯಾಕ್ಟರ್ ಜೊತೆಗೆ ಆಂಟಿ-ಸಿಸಿಪಿ ಪರೀಕ್ಷೆಯನ್ನೂ ಕೇಳಿ.

ನೀವು ಎಲ್ಲಿಯವರು, ಏನು ಕೆಲಸ ಮಾಡುತ್ತೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ. ಪಾವಗಡ, ಬಾಗೇಪಲ್ಲಿ, ಕೊಪ್ಪಳ, ರಾಯಚೂರು, ಗದಗ, ಕೋಲಾರ ಸೀಮೆಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರ್‌ಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಹಲ್ಲು ಕಂದುವುದರ ಜೊತೆಗೆ ಕುತ್ತಿಗೆ, ಬೆನ್ನು ಬಿಗಿದು ಮೂಳೆ ದಪ್ಪವಾಗುವ ಫ್ಲೋರೋಸಿಸ್ ಬರುತ್ತದೆ. ಮುಂಗೈಯ ಸಾದಾ ಎಕ್ಸ್‌ರೇ ಕೂಡ ಅದರ ಸುಳಿವು ಕೊಡಬಲ್ಲದು. ನೀರನ್ನು ಬದಲಿಸದೆ ಯಾವ ಮಾತ್ರೆ ನುಂಗಿದರೂ ಅಲ್ಲಿ ಪ್ರಯೋಜನವಿಲ್ಲ. ದನ, ಕುರಿ, ಮೇಕೆ ಸಾಕುವವರು, ಕಾಯಿಸದ ಹಾಲು ಕುಡಿಯುವವರು, ಕರು ಹಾಕಿಸುವ ಪಶುವೈದ್ಯಕೀಯ ಸಿಬ್ಬಂದಿ ಬೆನ್ನುನೋವು ಮತ್ತು ಬಿಟ್ಟುಬಿಟ್ಟು ಬರುವ ಜ್ವರದೊಂದಿಗೆ ಬಂದರೆ ಪ್ರಾಣಿಗಳಿಂದ ಹರಡುವ ಬ್ರುಸೆಲ್ಲೋಸಿಸ್ ಸೋಂಕಿನ ಪರೀಕ್ಷೆ ಮಾಡಿಸಬೇಕು. 2006ರ ಚಿಕೂನ್‌ಗುನ್ಯ ಹಾವಳಿಯನ್ನು ಕಂಡ ನಮ್ಮ ರಾಜ್ಯದವರಿಗೆ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುವ ಕೀಲುನೋವಿನ ಪರಿಚಯ ಇದ್ದೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದು ಆ ಊರಿನ ಹೆಸರನ್ನೇ ಪಡೆದ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಎಳೆಯ ವಯಸ್ಸಿನಲ್ಲೇ ಕೆಡಿಸುವ ಕಾಯಿಲೆ ವಂಶದಲ್ಲಿ ಹರಿದುಬರುವಂಥದ್ದು. ಹಾಗಾಗಿ ಮನೆತನದ ವಿವರವನ್ನು ಮುಚ್ಚಿಡಬಾರದು.

ಹಂತ 4: ಸ್ಕ್ಯಾನ್ ರಿಪೋರ್ಟನ್ನು ಅಳತೆ ಮೀರಿ ನಂಬಬೇಡಿ

ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಎಲ್ಲ ರೋಗಿಗಳಿಗೂ ಗೊತ್ತಿರಬೇಕಾದದ್ದು. ಆರೋಗ್ಯವಾಗಿದ್ದ 20ರ ವಯಸ್ಸಿನವರಲ್ಲೇ ಶೇ 37ರಷ್ಟು ಜನರಿಗೆ ಡಿಸ್ಕ್ ಸವೆತ ಕಂಡಿತು. 80ರ ವಯಸ್ಸಿನವರಲ್ಲಿ ಅದು ಶೇ 96. ಡಿಸ್ಕ್ ಉಬ್ಬಿರುವುದು 20ರಲ್ಲಿ ಶೇ 30, 80ರಲ್ಲಿ ಶೇ 84. ಇವರಾರಿಗೂ ನೋವಿರಲಿಲ್ಲ. ಆದ್ದರಿಂದ ರಿಪೋರ್ಟಿನಲ್ಲಿ «ಡಿಸ್ಕ್ ಬಲ್ಜ್», «ಡೀಜನರೇಶನ್» ಎಂಬ ಪದ ಕಂಡ ಕೂಡಲೇ ನೋವಿಗೆ ಅದೇ ಕಾರಣವೆಂದು ಒಪ್ಪಿಕೊಳ್ಳುವುದು, ಭಾರ ಎತ್ತುವುದನ್ನೂ ನೆಲದ ಮೇಲೆ ಕೂರುವುದನ್ನೂ ಜೀವಮಾನವಿಡೀ ಬಿಡುವುದು, ಅವಸರದ ಶಸ್ತ್ರಚಿಕಿತ್ಸೆಗೆ ಒಪ್ಪುವುದು ತರವಲ್ಲ. ಸ್ಕ್ಯಾನಿನಲ್ಲಿ ಕಂಡದ್ದು, ಕೈಯಿಂದ ಪರೀಕ್ಷಿಸಿದಾಗ ಕಂಡದ್ದು, ರೋಗಿ ಹೇಳುವುದು ಈ ಮೂರೂ ತಾಳೆಯಾದರೆ ಮಾತ್ರ ಅದು ಕಾರಣ. ಶಸ್ತ್ರಚಿಕಿತ್ಸೆ ಸೂಚಿಸಿದವರನ್ನು ಹೀಗೆ ಕೇಳಿ: «ಡಾಕ್ಟ್ರೇ, ಈಗಲೇ ಮಾಡಿಸದೆ ಮೂರು ತಿಂಗಳು ವ್ಯಾಯಾಮ, ಔಷಧಿಯಲ್ಲಿ ನೋಡಿದರೆ ನನಗೆ ಏನು ಅಪಾಯ?» ಹಂತ 1ರಲ್ಲಿ ಹೇಳಿದ ಲಕ್ಷಣಗಳಿಲ್ಲದಿದ್ದರೆ ಈ ಪ್ರಶ್ನೆಗೆ ಸಮಾಧಾನದ ಉತ್ತರ ಸಿಗಬೇಕು.

ಇದರ ಇನ್ನೊಂದು ಮುಖವೂ ಇದೆ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಮೊದಲ ಕೆಲವು ವರ್ಷ ಎಕ್ಸ್‌ರೇ ನಾರ್ಮಲ್ ಇರಬಹುದು. ಸೊಂಟದ ಬುಡದ ಸ್ಯಾಕ್ರೊಇಲಿಯಾಕ್ ಕೀಲಿನ ಎಂಆರ್‌ಐ ಬೇಕಾಗುತ್ತದೆ, ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ಪೂರಕವಾಗುತ್ತದೆ. ಬರೀ ಸೊಂಟದ ಡಿಸ್ಕುಗಳ ಎಂಆರ್‌ಐ ಮಾಡಿಸಿದರೆ ಆ ಕೀಲು ಸರಿಯಾಗಿ ಕಾಣದೆ ಹೋಗಬಹುದು.

ಹಂತ 5: ಹೆಚ್ಚಾಗಿ ಕೈತಪ್ಪುವ ಕಾಯಿಲೆಗಳನ್ನು ನೀವೇ ಕೇಳಿ

ಮುಟ್ಟಿನ ಹೊಟ್ಟೆನೋವು ಸಹಜ, ಮದುವೆಯಾದರೆ, ಮಗುವಾದರೆ ಸರಿಹೋಗುತ್ತದೆ ಎಂಬ ಮಾತಿನಿಂದ ಆಗಿರುವ ಹಾನಿಯನ್ನು ನೆನೆದರೆ ಸಂಕಟವಾಗುತ್ತದೆ. ಶಾಲೆ, ಕೆಲಸ ತಪ್ಪಿಸುವಷ್ಟು ತೀವ್ರವಾದ ಮುಟ್ಟಿನ ನೋವು ಸಹಜವಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಇದೆ. ಮುಟ್ಟಿನ ದಿನಗಳಲ್ಲಿ ಮಲ ವಿಸರ್ಜಿಸುವಾಗ ನೋವು, ದಾಂಪತ್ಯದ ಸಂಪರ್ಕದಲ್ಲಿ ಒಳಗೆ ಆಳದ ನೋವು, ಗರ್ಭ ನಿಲ್ಲಲು ತೊಂದರೆ ಇವು ಅದರ ಸುಳಿವುಗಳು. ಸಾಮಾನ್ಯ ಅಲ್ಟ್ರಾಸೌಂಡ್ ನಾರ್ಮಲ್ ಬಂದರೂ ಕಾಯಿಲೆ ಇಲ್ಲವೆಂದು ತೀರ್ಮಾನವಾಗುವುದಿಲ್ಲ. ಲ್ಯಾಪರೊಸ್ಕೊಪಿ ಮಾಡಿ, ಅಂದರೆ ಹೊಟ್ಟೆಯೊಳಗೆ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡಿದ ಮೇಲೆಯೇ ಚಿಕಿತ್ಸೆ ಎಂಬ ಹಳೆಯ ಪದ್ಧತಿಯೂ ಈಗ ಸಡಿಲವಾಗಿದ್ದು, ಲಕ್ಷಣಗಳ ಆಧಾರದ ಮೇಲೆ ಹಾರ್ಮೋನ್ ಚಿಕಿತ್ಸೆ ಆರಂಭಿಸಬಹುದು. ಸಂಕೋಚದ ವಿಷಯಗಳನ್ನು ಬಾಯಿಬಿಟ್ಟು ಹೇಳಲಾಗದಿದ್ದರೆ ನೋಟ್‌ಬುಕ್ಕನ್ನು ತೆರೆದು ವೈದ್ಯೆಯ ಮುಂದಿಡಿ.

ಮುಖದ ಒಂದೇ ಬದಿಗೆ, ಹಲ್ಲುಜ್ಜುವಾಗ, ಮುಖ ತೊಳೆಯುವಾಗ ಅಥವಾ ತಣ್ಣನೆ ಗಾಳಿ ತಾಗಿದಾಗ ಕೆಲವೇ ಸೆಕೆಂಡು ಕರೆಂಟ್ ಹೊಡೆದಂಥ ನೋವು ಬಂದರೆ ಅದು ಟ್ರೈಜೆಮಿನಲ್ ನರದ ನೋವಾಗಿರಬಹುದು. ಹಲ್ಲುನೋವೆಂದು ಭಾವಿಸಿ ಗಟ್ಟಿಮುಟ್ಟಾದ ಹಲ್ಲುಗಳನ್ನು ಕೀಳಿಸಿಕೊಂಡು, ನೋವು ಮಾತ್ರ ಹಾಗೇ ಉಳಿದವರು ಎಷ್ಟೋ ಮಂದಿ. ಇದಕ್ಕೆ ಕಾರ್ಬಮಜೆಪಿನ್ ಮೊದಲ ಆಯ್ಕೆಯ ಔಷಧಿ. ಅದನ್ನು ಶುರುಮಾಡಿದ ಮೇಲೆ ಮೈಮೇಲೆ ಗಂಧೆ ಎದ್ದರೆ ಅಥವಾ ಬಾಯಿಹುಣ್ಣಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಸರ್ಪಸುತ್ತು ಮಾಯ್ದ ಜಾಗದಲ್ಲಿ ತಿಂಗಳುಗಟ್ಟಲೆ ಉರಿ ಉಳಿಯುವುದು ಹಿರಿಯರಲ್ಲಿ ಸಾಮಾನ್ಯ. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈರಸ್ ನಿರೋಧಕ ಮಾತ್ರೆ ಶುರುವಾದರೆ ಕಾಯಿಲೆ ಬೇಗ ಹತೋಟಿಗೆ ಬರುತ್ತದೆ. ಮಂತ್ರ ಹಾಕಿಸುವ, ಲೇಪ ಹಚ್ಚಿಸುವ ರೂಢಿಯುಳ್ಳ ಮನೆಯವರು ಆ ನಂಬಿಕೆಯ ಕಾರಣಕ್ಕೆ ಈ ಮೂರು ದಿನಗಳನ್ನು ಕಳೆದುಕೊಳ್ಳಬಾರದೆಂದು ಕೈಮುಗಿದು ಕೇಳುತ್ತೇನೆ.

ಇನ್ನು ಫೈಬ್ರೊಮಯಾಲ್ಜಿಯ. ಮೈಯ ನಾಲ್ಕಾರು ಭಾಗಗಳಲ್ಲಿ ಹರಡಿದ ನೋವು, ಎಷ್ಟು ಮಲಗಿದರೂ ತಣಿಯದ ದಣಿವು, ಮರೆವು, ಯಾವ ಪರೀಕ್ಷೆಯಲ್ಲೂ ಕಾಣದ ಕಾರಣ. ಇದನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. 1990ರ ಮಾನದಂಡದಂತೆ 18 ಗೊತ್ತಾದ ಬಿಂದುಗಳಲ್ಲಿ 11 ಒತ್ತಿದಾಗ ನೋಯಬೇಕಿತ್ತು. ಈಗ ನೋವಿನ ಹರವು, ನಿದ್ದೆ, ದಣಿವುಗಳ ಅಂಕಗಳಿಂದ ಅದನ್ನು ಗುರುತಿಸುತ್ತಾರೆ. ನೀರು ಹರಿದು ಹರಿದು ಕಾಲುವೆ ಆಳವಾಗುವ ಹಾಗೆ, ನೋವಿನ ಸಂದೇಶ ಸಾಗುವ ನರಮಾರ್ಗಗಳು ಸೂಕ್ಷ್ಮವಾಗುತ್ತಾ ಹೋಗಿ, ಗಾಯವಿಲ್ಲದೆಯೂ ನೋವು ಹುಟ್ಟುತ್ತದೆ. ಇಂಥ ನೋವಿಗೆ 2017ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ನೋಸಿಪ್ಲಾಸ್ಟಿಕ್ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ರಿಪೋರ್ಟು ನಾರ್ಮಲ್ ಬಂದಿದೆ ಎಂದು ಹೇಳಿದ ವೈದ್ಯರನ್ನು «ಹಾಗಾದರೆ ಇದು ಯಾವ ಬಗೆಯ ನೋವು?» ಎಂದು ಕೇಳುವ ಹಕ್ಕು ನಿಮಗಿದೆ. ಗಾಯದ ಅಥವಾ ಉರಿಯೂತದ ನೋವೋ, ನರದ ನೋವೋ, ಸೂಕ್ಷ್ಮಗೊಂಡ ನರವ್ಯವಸ್ಥೆಯ ನೋವೋ ಎಂಬುದು ಗೊತ್ತಾದರೆ ಕಾಯಿಲೆಯ ಹೆಸರು ಸಿಗದಿದ್ದರೂ ಚಿಕಿತ್ಸೆಯ ದಿಕ್ಕು ಸಿಗುತ್ತದೆ.

ಹಂತ 6: ಸರಿಯಾದ ತಜ್ಞರ ಬಾಗಿಲು

ಕೀಲು ಊತ, ದೀರ್ಘ ಬೆಳಗಿನ ಬಿಗಿತ, ಚಿಕ್ಕ ವಯಸ್ಸಿನ ಸೊಂಟನೋವು ಇದ್ದರೆ ರುಮಟಾಲಜಿಸ್ಟ್, ಅಂದರೆ ಉರಿಯೂತದ ಕೀಲುರೋಗಗಳ ತಜ್ಞರು; ಉರಿ, ಜುಮು, ಶಕ್ತಿಹೀನತೆ, ಪದೇ ಪದೇ ತಲೆನೋವು ಇದ್ದರೆ ನರರೋಗ ತಜ್ಞರು; ಸವೆದ ಮಂಡಿ, ಮೂಳೆಯ ಪೆಟ್ಟಿಗೆ ಮೂಳೆ ತಜ್ಞರು. ಎಲ್ಲ ಕೀಲುನೋವಿಗೂ ಆರ್ಥೋ ಎಂಬ ಅಭ್ಯಾಸದಿಂದಾಗಿ ಉರಿಯೂತದ ಕಾಯಿಲೆಗಳು ನಮ್ಮಲ್ಲಿ ತಡವಾಗಿ ಪತ್ತೆಯಾಗುತ್ತವೆ. ಕಾರಣ ಗೊತ್ತಾಗಿಯೂ ನೋವು ತಗ್ಗದವರು ಪೇನ್ ಕ್ಲಿನಿಕ್ ಕೇಳಿಕೊಂಡು ಹೋಗಬಹುದು. ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದನ್ನು ಹೆಚ್ಚಾಗಿ ಅರಿವಳಿಕೆ ವಿಭಾಗದವರೇ ನಡೆಸುತ್ತಾರೆ. ದೂರದ ಊರಿನವರಿಗೆ ಸರ್ಕಾರದ ಆನ್‌ಲೈನ್ ವೈದ್ಯಸೇವೆ ಇ-ಸಂಜೀವಿನಿ ಮೂಲಕ ಉಚಿತವಾಗಿ ವೈದ್ಯರೊಂದಿಗೆ ಮಾತನಾಡುವ ಅವಕಾಶವಿದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವವರು ಹಳೆಯ ಚೀಟಿ, ಫಿಲ್ಮ್, ರಿಪೋರ್ಟುಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಜೋಡಿಸಿಕೊಂಡು ಹೋದರೆ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿಸುವ ಖರ್ಚು ಉಳಿಯಬಹುದು.

ಹಂತ 7: ಔಷಧಿಗಳನ್ನು ತಿಳಿದು ತೆಗೆದುಕೊಳ್ಳಿ

ಈ ಹಂತದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನೋವಿಗಿಂತ ನೋವಿನ ಮಾತ್ರೆಯೇ ಹೆಚ್ಚು ಹಾನಿ ಮಾಡುವುದುಂಟು. ಪ್ಯಾರಸಿಟಮಾಲ್ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಮದ್ಯಪಾನಿಗಳಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ತೀರಾ ಕಡಿಮೆ ತೂಕದವರಿಗೆ ಮಿತಿ ಇನ್ನೂ ಕೆಳಗೆ. ಅಸೆಕ್ಲೋಫೆನಾಕ್ ಜೊತೆ ಪ್ಯಾರಸಿಟಮಾಲ್ ಬೆರೆತ ಮಾತ್ರೆಗಳು ನಮ್ಮಲ್ಲಿ ಹೇರಳ, ಆದ್ದರಿಂದ ಅದರ ಮೇಲೆ 650 ಮಿಲಿಗ್ರಾಂನ ಪ್ಯಾರಸಿಟಮಾಲ್ ಮಾತ್ರೆಯನ್ನೂ ನುಂಗಿದವರು ತಮಗರಿವಿಲ್ಲದೆ ಮಿತಿ ದಾಟುತ್ತಾರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಹೊಟ್ಟೆಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ, ಹೃದಯದ ಅಪಾಯ ತರಬಲ್ಲವು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇನ್ನೂ ಹೆಚ್ಚು. ತಲೆನೋವಿಗೆ ತಿಂಗಳಲ್ಲಿ 15 ದಿನಕ್ಕೂ ಹೆಚ್ಚು ಸಾದಾ ನೋವಿನ ಮಾತ್ರೆ, ಅಥವಾ 10 ದಿನಕ್ಕೂ ಹೆಚ್ಚು ಮಿಶ್ರ ಮಾತ್ರೆಗಳನ್ನು ಮೂರು ತಿಂಗಳು ನುಂಗಿದರೆ ಆ ಮಾತ್ರೆಯೇ ಹೊಸ ತಲೆನೋವನ್ನು ಹುಟ್ಟಿಸುತ್ತದೆ.

ನರದ ನೋವಿಗೆ ಮತ್ತು ಫೈಬ್ರೊಮಯಾಲ್ಜಿಯಕ್ಕೆ ಅಮಿಟ್ರಿಪ್ಟಿಲಿನ್, ಡ್ಯೂಲಾಕ್ಸೆಟಿನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಬರೆದುಕೊಡುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿ «ಇದು ಖಿನ್ನತೆಯ ಮಾತ್ರೆ, ಅದು ಮೂರ್ಛೆರೋಗದ ಮಾತ್ರೆ, ನನ್ನನ್ನು ಹುಚ್ಚನೆಂದುಕೊಂಡರೇ?» ಎಂದು ಎಸೆಯುವವರಿದ್ದಾರೆ. ಈ ಔಷಧಿಗಳು ನರಗಳಲ್ಲಿ ನೋವಿನ ಸಂದೇಶವನ್ನೇ ತಗ್ಗಿಸುತ್ತವೆ, ಆದ್ದರಿಂದ ಕೊಡುತ್ತಾರೆ. ಫಲ ಕಾಣಲು ಕೆಲವು ವಾರ ಬೇಕು. ಮೊದಮೊದಲು ಮಂಪರು, ಬಾಯಿ ಒಣಗುವುದು ಇರಬಹುದು. ಸಣ್ಣ ಪ್ರಮಾಣದಲ್ಲಿ ರಾತ್ರಿ ಶುರುಮಾಡಿ ನಿಧಾನವಾಗಿ ಏರಿಸುವುದು ಕ್ರಮ. ಹಠಾತ್ತನೆ ನಿಲ್ಲಿಸಬಾರದು.

ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ಅದನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಚೀಟಿಯ ಮೇಲೆ ವಾರದ ಯಾವ ದಿನ ಎಂಬುದನ್ನು ವೈದ್ಯರ ಕೈಯಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹೋದ ತಕ್ಷಣ «ಒಂದು ಸೂಜಿ ಹಾಕಿ ಡಾಕ್ಟ್ರೇ» ಎನ್ನುವುದನ್ನೂ, ವಾತಕ್ಕೆಂದು ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳನ್ನೂ ಬಿಡಿ. ಒಂದೇ ದಿನದಲ್ಲಿ ಪವಾಡದಂತೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಬರಬೇಕು. ತಿಂಗಳುಗಟ್ಟಲೆ ಅದನ್ನು ತಿಂದವರಲ್ಲಿ ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು, ಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯದೆ ಸಾಯುವುದು ಕಾಣುತ್ತದೆ. ಆದರೆ ಈಗಾಗಲೇ ತಿನ್ನುತ್ತಿರುವವರು ಹೆದರಿ ಒಮ್ಮೆಲೇ ನಿಲ್ಲಿಸುವುದೂ ಪ್ರಾಣಾಪಾಯ. ಪೊಟ್ಟಣವನ್ನು ಹಾಗೇ ವೈದ್ಯರ ಬಳಿ ತೆಗೆದುಕೊಂಡು ಹೋಗಿ, ಹಂತಹಂತವಾಗಿ ಇಳಿಸಿಕೊಳ್ಳಿ.

ಕ್ಯಾನ್ಸರ್‌ನಂಥ ಕಾಯಿಲೆಯ ತೀವ್ರ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇರಿಸಿಕೊಂಡು ಕೊಡುವುದು ಸುಲಭವಾಗಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಉಪಶಮನದ ಆರೈಕೆ ಸಿಗುತ್ತದೆ. ಕ್ಯಾನ್ಸರ್ ಮುಂದುವರಿದ ಹಂತದವರಿಗೆ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ಉಚಿತವಾಗಿ ಆರೈಕೆ ಕೊಡುತ್ತದೆ. ಅಲ್ಲಿ ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ ಎಂದು ಮನೆಯವರು ತಡೆಯಬಾರದು. ಬೆನ್ನುನೋವು, ಫೈಬ್ರೊಮಯಾಲ್ಜಿಯದಂಥ ನೋವಿಗೆ ಮಾತ್ರ ಈ ಗುಂಪಿನ ಔಷಧಿ ದೀರ್ಘಕಾಲಕ್ಕೆ ಹೊಂದುವುದಿಲ್ಲ. 2018ರಿಂದ ಇದೇ ಗುಂಪಿನ ನೋವಿನ ಔಷಧಿ ಟ್ರಮಡಾಲ್ ಕೂಡ ಅದೇ ಕಾಯ್ದೆಯ ವ್ಯಾಪ್ತಿಗೆ ಬಂದಿದೆ.

ಹಂತ 8: ದೇಹ, ನಿದ್ದೆ, ಮನಸ್ಸು

ಫಿಸಿಯೋಥೆರಪಿ ಎಂದರೆ ಮೆಷಿನ್ ಕೆಳಗೆ ಮಲಗಿ ಶಾಖ ಕೊಡಿಸಿಕೊಳ್ಳುವುದು ಎಂಬ ತಿಳಿವಳಿಕೆ ಬೇರೂರಿದೆ. ಶಾಖದಿಂದ ಆ ಹೊತ್ತಿಗೆ ಹಿತವಾಗುತ್ತದೆ, ಆದರೆ ಉಳಿಯುವ ಫಲ ಬರುವುದು ನೀವೇ ಮಾಡುವ ವ್ಯಾಯಾಮದಿಂದ. ನೋವು ಕಡಿಮೆಯಿರುವ ದಿನ ಬಟ್ಟೆ ಒಗೆದು, ಮನೆ ಒರೆಸಿ, ಬಾಕಿ ಕೆಲಸವನ್ನೆಲ್ಲ ಮುಗಿಸಿ ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ದೀರ್ಘಕಾಲದ ನೋವಿನ ಮಾಮೂಲಿ ಸುಳಿ. ಅದರಿಂದ ಹೊರಬರಲು, ನೋವು ಹೆಚ್ಚಿದ ದಿನವೂ ಮಾಡಬಲ್ಲಷ್ಟು ನಡಿಗೆಯನ್ನು, ಅದು ಐದೇ ನಿಮಿಷವಾದರೂ ಸರಿ, ಬುನಾದಿಯಾಗಿ ಇಟ್ಟುಕೊಳ್ಳಿ. ಆರಾಮವಿರುವ ದಿನವೂ ಅದನ್ನು ಮೀರದೆ, ವಾರಕ್ಕೆ ಒಂದೆರಡು ನಿಮಿಷದಂತೆ ಏರಿಸಿ. ಶುರುವಿನಲ್ಲಿ ನೋವು ಸ್ವಲ್ಪ ಹೆಚ್ಚುವುದು ಹಾನಿಯ ಲಕ್ಷಣವಲ್ಲ.

ನಿದ್ದೆ ಕೆಟ್ಟರೆ ಮರುದಿನ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ನಿದ್ದೆ ಕೆಡುತ್ತದೆ. ಏಳುವ ಸಮಯವನ್ನು ದಿನವೂ ಒಂದೇ ಇರಿಸಿ, ಮಧ್ಯಾಹ್ನದ ನಂತರದ ಕಾಫಿ ಬಿಡಿ, ಗೊರಕೆ ಜೋರಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ವರ್ಷಗಟ್ಟಲೆ ನೋವುಂಡವರಲ್ಲಿ ಖಿನ್ನತೆ, ಆತಂಕ ಬರುವುದು ಸ್ವಾಭಾವಿಕ, ಮತ್ತು ಅವಕ್ಕೆ ಚಿಕಿತ್ಸೆ ಆದಾಗ ನೋವನ್ನು ನಿಭಾಯಿಸುವ ಶಕ್ತಿಯೂ ಹೆಚ್ಚುತ್ತದೆ. ಬದುಕೇ ಬೇಡ ಎನಿಸುವ ಗಳಿಗೆ ಬಂದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಮನೆಯವರಿಗೆ ಒಂದು ಮಾತು. «ಏನೂ ಇಲ್ಲ ಅಂತ ಡಾಕ್ಟರೇ ಹೇಳಿದಾರಲ್ಲ» ಎನ್ನುವ ಬದಲು ಭೇಟಿಗೆ ಜೊತೆಯಲ್ಲಿ ಹೋಗಿ, ವೈದ್ಯರು ಹೇಳಿದ್ದನ್ನು ಬರೆದುಕೊಳ್ಳಿ. ರೋಗಿಯ ಎಲ್ಲ ಕೆಲಸವನ್ನೂ ಕಿತ್ತುಕೊಂಡು ಮಲಗಿಸಬೇಡಿ, ಎಲ್ಲವನ್ನೂ ಹೇರಲೂಬೇಡಿ.

ಹಂತ 9: ಖರ್ಚು, ಕಾಗದಪತ್ರ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿಸಿ ಕೊಡುವ ಚಿಕಿತ್ಸೆಗೆ. ತಿಂಗಳ ಮಾತ್ರೆಯ ಖರ್ಚು ಅದರಿಂದ ನೀಗುವುದಿಲ್ಲ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು ಎಂಬುದನ್ನು ಮರೆಯಬೇಡಿ. ತಿಂಗಳ ಔಷಧಿಗೆ ಜನೌಷಧಿ ಕೇಂದ್ರಗಳಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರಿನಿಂದ ಕೇಳಿದರೆ ಬೆಲೆ ಬಹಳ ಇಳಿಯುತ್ತದೆ. ತಿಂಗಳ ವೇತನ 21,000 ರೂಪಾಯಿ ಮೀರದ ಕಾರ್ಖಾನೆ, ಅಂಗಡಿ ನೌಕರರಿಗೆ ಇಎಸ್ಐ ಸೌಲಭ್ಯವಿದೆಯೇ ಎಂದು ವೇತನ ಚೀಟಿ ನೋಡಿಕೊಳ್ಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ದೀರ್ಘಕಾಲದ ನೋವು ಎಂಬುದು ಇಲ್ಲ, ಇದು ನೋವಿನ ರೋಗಿಗಳಿಗೆ ಆಗಿರುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಆದರೂ ನೋವಿಗೆ ಕಾರಣವಾದ ಕಾಯಿಲೆಯಿಂದ ಚಲನೆಗೆ ಶೇ 40 ಅಥವಾ ಅದಕ್ಕೂ ಹೆಚ್ಚು ನ್ಯೂನತೆ ಆಗಿದ್ದರೆ ಅಥವಾ ಅದು ದೀರ್ಘಕಾಲದ ನರಸಂಬಂಧಿ ಕಾಯಿಲೆಗಳ ವರ್ಗಕ್ಕೆ ಸೇರಿದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.

ಹಂತ 10: ಆರು ವಾರಕ್ಕೊಮ್ಮೆ ಲೆಕ್ಕ ನೋಡಿ

ಯಾವುದೇ ಹೊಸ ಚಿಕಿತ್ಸೆ ಶುರುಮಾಡುವಾಗ ಇದನ್ನು ಎಷ್ಟು ದಿನ ನೋಡಬೇಕು, ಯಾವ ಪ್ರಯೋಜನ ನಿರೀಕ್ಷಿಸಬೇಕು, ಆಗದಿದ್ದರೆ ಮುಂದೇನು ಎಂಬ ಮೂರನ್ನು ವೈದ್ಯರಿಂದ ಕೇಳಿ ಬರೆದುಕೊಳ್ಳಿ. ಆರು ವಾರದ ನಂತರ ಹಂತ 2ರ ಮೂರು ಅಂಕಿಗಳ ಸರಾಸರಿಯನ್ನು ಮೊದಲ ವಾರದ್ದಕ್ಕೆ ಹೋಲಿಸಿ. ನೋವು 8ರಿಂದ 5ಕ್ಕೆ ಇಳಿದಿದ್ದರೆ, ಅಂದರೆ ಶೇ 30ಕ್ಕಿಂತ ಹೆಚ್ಚು ತಗ್ಗಿದ್ದರೆ, ಚಿಕಿತ್ಸೆ ಕೆಲಸ ಮಾಡುತ್ತಿದೆ, ಸೊನ್ನೆಯಾಗಲಿಲ್ಲವೆಂದು ಬಿಟ್ಟುಬಿಡಬೇಡಿ. ಅಂಕಿ ಕದಲದೆ ಹೋದರೆ ಅದೇ ವೈದ್ಯರಿಗೆ ಪುಟ ತೋರಿಸಿ ಬದಲಾವಣೆ ಕೇಳಿ. ಎರಡು ಬಾರಿ ಕೇಳಿದರೂ ಅದೇ ಚೀಟಿ ಮರಳಿ ಬಂದರೆ, ನೋವಿನ ವಿವರ ಕೇಳಿಸಿಕೊಳ್ಳುವ ವ್ಯವಧಾನವೇ ಅಲ್ಲಿಲ್ಲದಿದ್ದರೆ, ಸಂಕೋಚವಿಲ್ಲದೆ ಎರಡನೇ ಅಭಿಪ್ರಾಯಕ್ಕೆ ಹೋಗಿ, ಆದರೆ ಕಡತವನ್ನೂ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ಹೊಸ ವೈದ್ಯರ ಬಳಿ ಕತೆಯನ್ನು ಮೊದಲಿನಿಂದ ಶುರುಮಾಡುವ ಬದಲು ಈವರೆಗೆ ಪ್ರಯತ್ನಿಸಿದ ಔಷಧಿ, ಅದರ ಪ್ರಮಾಣ, ಎಷ್ಟು ವಾರ, ಏಕೆ ನಿಲ್ಲಿಸಿದಿರಿ ಎಂಬ ಒಂದು ಪುಟದ ಪಟ್ಟಿಯನ್ನು ಮೊದಲು ಅವರ ಕೈಗೆ ಕೊಡಿ.